ಹದಿನಾರು ಸಾಕು

ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ ಸರ್ವಮಂಗಳಾ ಸೌಟು ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ಕಡೆ ತಿರುಗಿ ಗಂಡನನ್ನು ಕರೆದಳು. ‘ಮೇ’ ಎಂಬಷ್ಟು ಹೊರಗೆ ಬಂತು. ಆಮೇಲೆ ಅವಳ ಕುತ್ತಿಗೆಯ ಪಟ್ಟಿಯಲ್ಲಿದ್ದ ಹಸಿರು ದೀಪ ಪುಸಕ್ಕನೆ ಆರಿತು. ತುಟಿ ಆಡುತ್ತಿತ್ತು, ಗಂಟಲ ಸ್ನಾಯು ಆಡುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಅವಳು ಒಂದು ಕ್ಷಣ ನೋಡಿದಳು. ಪಕ್ಕದಲ್ಲಿದ್ದ ಸ್ಟೀಲ್ ಲೋಟ ತೆಗೆದುಕೊಂಡು ಕಡಪಾ ಕಲ್ಲಿನ ಮೇಲೆ ಎರಡು ಸಲ ಕುಟ್ಟಿದಳು. ಟಣ್, ಟಣ್.

ಒಳಗೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ರೇಣುಕಾರಾಧ್ಯ ಎರಡು ಗುಂಡಿ ಬಿಟ್ಟುಕೊಂಡೇ ಓಡಿ ಬಂದ. ಆ ಸದ್ದು ಕೇಳಿ ಆರು ವರ್ಷವಾಗಿತ್ತು.

ಆರು ವರ್ಷದ ಹಿಂದೆ ಸರ್ವಮಂಗಳಾಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮೂರು ತಿಂಗಳು ಆ ಮನೆಯಲ್ಲಿ ಲೋಟವೇ ಅವಳ ಬಾಯಿ. ಎರಡು ಕುಟ್ಟಿದರೆ ಗಂಡ, ಮೂರು ಕುಟ್ಟಿದರೆ ಮಗಳು ಇಂಚರ. ಆಮೇಲೆ ಉಲಿಪಟ್ಟಿ ಬಂತು. ಕುತ್ತಿಗೆಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಪಟ್ಟಿ. ಗಂಟಲಿನ ಸ್ನಾಯು ಹೇಗೆ ಅಲುಗಿತು ಎಂಬುದನ್ನು ನೋಡಿ, ಯಾವ ಅಕ್ಷರ ಹೇಳಲು ಹೊರಟಿದ್ದಾರೆಂದು ಊಹಿಸಿ, ಅದನ್ನು ಅವರದೇ ಹಳೆಯ ದನಿಯಲ್ಲಿ ನುಡಿಯುತ್ತಿತ್ತು. ಸರ್ವಮಂಗಳಾಳ ಹಳೆಯ ದನಿಯನ್ನು ಅವಳು ಗಂಡನಿಗೆ ಬೈದು ಕಳಿಸಿದ್ದ ವಾಯ್ಸ್ ಮೆಸೇಜುಗಳಿಂದ ಹೆಕ್ಕಿದ್ದರು. ಹಾಗಾಗಿ ‘ಊಟ ಆಯ್ತಾ’ ಎಂದು ಪ್ರೀತಿಯಿಂದ ಕೇಳಿದರೂ ಅದರ ತುದಿಯಲ್ಲಿ ಸಣ್ಣ ಗದರಿಕೆ ಉಳಿದೇ ಇರುತ್ತಿತ್ತು.

ನಲವತ್ತು ಸೆಕೆಂಡಿನ ನಂತರ ಹಸಿರು ದೀಪ ಮತ್ತೆ ಹತ್ತಿತು.

“ನಿನ್ನೆಯಿಂದ ಐದನೇ ಸಲ,” ಎಂದಳು. “ಹೊಸಾದು ಹಾಕ್ತೀನಿ, ಭದ್ರವಾಗಿರತ್ತೆ ಅಂದ್ರಿ. ಭದ್ರವಾಗೇ ಮುಚ್ಕೊಂಡಿದೆ ಬಾಯಿ.”

“ಬ್ಯಾಟರಿ ಏನಾದ್ರೂ...”

“ಬ್ಯಾಟರಿ ತುಂಬಿದೆ. ನಿಮ್ಮ ಗುಂಡಿ ನೋಡ್ಕೊಳಿ ಮೊದ್ಲು.”

ಹೊಸದು ಹಾಕಿದವನು ಅವನೇ. ಉಲಿಪಟ್ಟಿ ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಪಟ್ಟಿ ಕಟ್ಟಿಕೊಂಡ ಸಾವಿರದ ನೂರಾ ನಲವತ್ತು ಜನ ಮಾತ್ರ ಉಳಿದಿದ್ದರು. ಅವರಿಗಾಗಿ ತುಮಕೂರಿನ ಹೊರಗೆ ಒಂದು ನಿರ್ವಹಣಾ ಘಟಕ ಮಾಡಿದ್ದರು. ಘಟಕವೆಂದರೆ ಎರಡು ಕೋಣೆ, ಒಂದು ಪರೀಕ್ಷಾ ಮೇಜು, ರೇಣುಕಾರಾಧ್ಯ ಮತ್ತು ಅವನ ಜೊತೆಗಾತಿ ಫಾತಿಮಾ ಜಬೀನ್.

ಎರಡು ವರ್ಷದ ಹಿಂದೆ ಎಲ್ಲೋ ಒಂದು ಊರಲ್ಲಿ ದುರುಳರು ಇನ್ಸುಲಿನ್ ಪಂಪುಗಳಿಗೆ ಕಳ್ಳಸೂಚನೆ ಕಳಿಸಿ ಹದಿನೇಳು ಜನರನ್ನು ಕೊಂದಿದ್ದರು. ಒಳನುಗ್ಗಲು ದಾರಿ ಸಿಕ್ಕಿದ್ದು ತಂತ್ರಾಂಶದಲ್ಲಿದ್ದ ಒಂದು ಸಣ್ಣ ಬಿರುಕಿನಿಂದ. ಆಮೇಲೆ ಬಂದದ್ದೇ ದೇಹಸಾಧನ ಸುರಕ್ಷಾ ಕಾಯ್ದೆ. ಜನ ಅದನ್ನು ಕವಚ ಕಾಯ್ದೆ ಎಂದರು. ಮನುಷ್ಯನ ಮೈಮೇಲೆ, ಮೈಯೊಳಗೆ ಕೆಲಸ ಮಾಡುವ ಎಲ್ಲ ಸಾಧನಗಳ ತಂತ್ರಾಂಶವನ್ನೂ ಹೊಸ ಕಂಪೈಲರಿನಿಂದ, ಎಲ್ಲ ಕಾವಲು ಸೂಚನೆಗಳನ್ನೂ ಹಾಕಿ, ಮತ್ತೆ ಕಟ್ಟಬೇಕು. ಈ ತಿಂಗಳ ಮೂವತ್ತನೇ ತಾರೀಖಿನ ಬೆಳಗ್ಗೆ ಹೊಸ ಮುದ್ರೆ ಇಲ್ಲದ ಸಾಧನ ತಾನಾಗಿ ಮಲಗಿಬಿಡುತ್ತದೆ. ಪಂಪಿಗೂ ಅದೇ ನಿಯಮ, ಮಾತಿಗೂ ಅದೇ.

ಕಂಪೈಲರ್ ಎಂದರೆ ಮನುಷ್ಯ ಬರೆದದ್ದನ್ನು ಯಂತ್ರ ಓದುವ ಅಂಕಿಗಳಾಗಿ ಕಟ್ಟಿಕೊಡುವ ತಂತ್ರಾಂಶ. ಉಲಿಪಟ್ಟಿಯನ್ನು ಕಟ್ಟಿದ್ದು ಒಂಬತ್ತನೆಯ ಆವೃತ್ತಿಯಲ್ಲಿ. ಕಾಯ್ದೆ ಕೇಳಿದ್ದು ಹತ್ತೊಂಬತ್ತನೆಯದನ್ನು. ರೇಣುಕಾರಾಧ್ಯ ಹಳೆಯ ಬರಹವನ್ನು ಹೊಸದಕ್ಕೆ ಕೊಟ್ಟ ದಿನ ಪರದೆಯ ತುಂಬ ಕೆಂಪು. ಮುನ್ನೂರ ಹನ್ನೆರಡು ತಪ್ಪು.

“ಹಳೇ ಕಂಪೈಲರ್ ನಮ್ಮ ನಾನಿ ಥರ ಸರ್,” ಎಂದಿದ್ದಳು ಜಬೀನ್. “ಗೊಣಗ್ತಾ ಗೊಣಗ್ತಾನೇ ಊಟ ಬಡಿಸೋದು. ಇದು ಹಾಸ್ಟೆಲ್ ವಾರ್ಡನ್. ಚಪ್ಪಲಿ ಸಾಲಾಗಿಟ್ಟಿಲ್ಲ ಅಂದ್ರೆ ತಟ್ಟೇನೇ ಕೊಡಲ್ಲ.”

ಅವಳು ಹೇಳಿದ್ದು ಸುಳ್ಳಲ್ಲ. ಹಳೆಯದು ‘ಇದು ಸರಿಯಿಲ್ಲ’ ಎಂದು ಎಚ್ಚರಿಸಿ ಮುಂದೆ ಹೋಗುತ್ತಿದ್ದ ಕಡೆಗಳಲ್ಲೆಲ್ಲ ಹೊಸದು ಕಾಲು ಚಾಚಿ ಕೂತಿತು. ಐದು ವಾರ ಅವನು ಒಂದೊಂದೇ ತಪ್ಪನ್ನು ಬಿಡಿಸಿದ. ಮನೆಗೆ ಬಂದರೂ ತಲೆ ಅಲ್ಲೇ. ಇಂಚರಳ ಶಾಲೆಯ ಸಭೆ ಮರೆತ, ಗ್ಯಾಸ್ ಬುಕ್ ಮಾಡುವುದು ಮರೆತ, ಒಂದು ದಿನ ಮಗಳ ಟಿಫಿನ್ ಡಬ್ಬಿಯನ್ನೇ ಆಫೀಸಿಗೆ ತಂದು ಮಧ್ಯಾಹ್ನ ತೆರೆದು ನೋಡಿ ಪೆಚ್ಚಾದ. ಕೊನೆಗೂ ಕೆಂಪೆಲ್ಲ ಹೋಗಿ ಹಸಿರು ಬಂತು. ಹಳೆಯ ಪರೀಕ್ಷೆಯ ನಾನೂರು ಪದಗಳನ್ನು ಮೇಜಿನ ಮೇಲಿನ ಪಟ್ಟಿ ಒಂದೂ ಬಿಡದೆ ನುಡಿಯಿತು. ಇನ್ನು ಹನ್ನೆರಡು ಜನ ಕೆಲವು ದಿನ ಕಟ್ಟಿಕೊಂಡು ನೋಡಬೇಕಿತ್ತು. ಹನ್ನೊಂದು ಜನ ಸಿಕ್ಕಿದ್ದರು. ಹನ್ನೆರಡನೆಯವಳಾಗಿ ಸರ್ವಮಂಗಳಾ ಸಹಿ ಹಾಕಿದಳು.

ಈಗ ಹನ್ನೆರಡರಲ್ಲಿ ಒಂಬತ್ತು ಪಟ್ಟಿ ಇದ್ದಕ್ಕಿದ್ದಂತೆ ಸಾಯುತ್ತಿದ್ದವು.

ಆ ದಿನ ಆಫೀಸಿಗೆ ಹೋಗುವಷ್ಟರಲ್ಲಿ ಜಬೀನ್ ಫೋನುಗಳಿಗೆ ಉತ್ತರ ಕೊಟ್ಟು ಸುಸ್ತಾಗಿದ್ದಳು. “ಗುಬ್ಬಿಯ ಇಸ್ತ್ರಿ ಅಂಗಡಿಯೋರದ್ದು ದಿನಕ್ಕೆ ಮೂವತ್ತು ಸಲ ಹೋಗ್ತಿದೆಯಂತೆ. ಕೊರಟಗೆರೆ ಅಜ್ಜಿದು ಸೊಸೆ ಹತ್ರ ಮಾತಾಡೋವಾಗ ಮಾತ್ರ ಹೋಗತ್ತಂತೆ. ಸೊಸೆಗೆ ಖುಷಿಯೋ ದುಃಖವೋ ಗೊತ್ತಾಗ್ಲಿಲ್ಲ. ತಿಪಟೂರಿನ ರಾಯರದ್ದು ಒಂದ್ಸಲಾನೂ ಹೋಗಿಲ್ಲ. ಅವರು ಮಾತಾಡೋದೇ ಕಮ್ಮಿ.”

“ಏನು ಮಾತಾಡ್ತಿದ್ದಾಗ ಹೋಯ್ತು ಅಂತ ಕೇಳಿದ್ಯಾ?”

“ಕೇಳ್ದೆ. ಯಾರಿಗೆ ನೆನಪಿರತ್ತೆ ಸರ್, ಬಾಯಿ ಕಟ್ಟಿದ್ದೊಂದೇ ನೆನಪು.”

ಜನರ ಮಾತನ್ನು ಸಾಧನ ದಾಖಲಿಸಿಕೊಳ್ಳಬಾರದೆಂದು ಕಾಯ್ದೆಯೇ ಹೇಳಿತ್ತು. ಆದ್ದರಿಂದ ಸತ್ತ ಪಟ್ಟಿಗಳಿಂದ ಅವನ ಕೈಗೆ ಸಿಗುತ್ತಿದ್ದದ್ದು ಒಂದೇ ಒಂದು ಸಾಲು: ಕಾವಲು ಅಂಕಿ ಕೆಟ್ಟಿದೆ, ಕೆಲಸ ನಿಲ್ಲಿಸಲಾಗಿದೆ.

ಹೊಸ ಕಂಪೈಲರಿನ ಕಾವಲು ಇದು. ತಂತ್ರಾಂಶದಲ್ಲಿ ಮಾಹಿತಿ ತುಂಬಿಡುವ ಡಬ್ಬಿಗಳಿರುತ್ತವೆ. ಡಬ್ಬಿಯ ಪಕ್ಕದಲ್ಲಿ ಕಂಪೈಲರ್ ಒಂದು ಗುಟ್ಟಿನ ಅಂಕಿ ಕೂರಿಸುತ್ತದೆ. ಡಬ್ಬಿ ತುಂಬಿ ಹೊರಗೆ ಚೆಲ್ಲಿದರೆ ಆ ಅಂಕಿ ಅಳಿಸಿಹೋಗುತ್ತದೆ. ಅಂಕಿ ಅಳಿಸಿದ್ದು ಕಂಡ ತಕ್ಷಣ ತಂತ್ರಾಂಶ, ಕಳ್ಳ ಬಂದಿದ್ದಾನೆಂದು ತಿಳಿದು, ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಎಲ್ಲೋ ಏನೋ ಚೆಲ್ಲುತ್ತಿದೆ, ಅಷ್ಟು ಖಚಿತ. ಆದರೆ ನಾನೂರು ಪದಕ್ಕೆ ಚೆಲ್ಲದ್ದು ಕೊರಟಗೆರೆಯ ಅಜ್ಜಿಗೆ ಯಾಕೆ ಚೆಲ್ಲುತ್ತದೆ?

ಅದನ್ನು ಕಂಡುಹಿಡಿದದ್ದು ಅವನಲ್ಲ. ಸರ್ವಮಂಗಳಾ.

ಅವಳು ಮನೆಯಲ್ಲೇ ಕೂತು ಒಂದು ಪ್ರೆಸ್ಸಿಗೆ ಶಾಲಾ ಪುಸ್ತಕಗಳ ಕರಡು ತಿದ್ದುತ್ತಿದ್ದಳು. ಕೊಂಬು ಬಿಟ್ಟದ್ದು, ಒತ್ತು ತಪ್ಪಿದ್ದು, ಎರಡು ಸಾಲು ಒಂದಕ್ಕೊಂದು ತಾಗಿದ್ದು, ಎಲ್ಲ ಅವಳ ಕೆಂಪು ಪೆನ್ನಿಗೆ ಸಿಗುತ್ತಿದ್ದವು. ಆ ಸಂಜೆ ಅವನು ಚಪ್ಪಲಿ ಬಿಡುತ್ತಿದ್ದಂತೆ ಕರಡಿನ ಹಾಳೆಯೊಂದನ್ನು ಮುಂದೆ ಹಿಡಿದಳು. ಅಂಚಿನಲ್ಲಿ ಒಂದಿಷ್ಟು ಪದ ಬರೆದು ಕೆಲವಕ್ಕೆ ಸುತ್ತು ಹಾಕಿದ್ದಳು.

“ಕೂತ್ಕೊಳಿ. ಇವತ್ತು ನಾನು ಪಾಠ ಮಾಡ್ತೀನಿ,” ಎಂದಳು. “ವಸ್ತ್ರ.”

ಪಟ್ಟಿ ನುಡಿಯಿತು. ದೀಪ ಹಸಿರಾಗಿಯೇ ಇತ್ತು.

“ಇ...” ಎಂದಿತು ಪಟ್ಟಿ. ಸತ್ತಿತು. ಸರ್ವಮಂಗಳಾ ಹಾಳೆಯ ಮೇಲಿದ್ದ ‘ಇಸ್ತ್ರಿ’ಯನ್ನು ಬೆರಳಿಂದ ತೋರಿಸಿದಳು. ನಲವತ್ತು ಸೆಕೆಂಡು ಮೂವರೂ ಕಾದರು. ಇಂಚರ ಬೆರಳು ಮಡಚಿ ಎಣಿಸಿದಳು.

“ರಾಷ್ಟ್ರ.” ಹಸಿರು. “ರಾ...” ಸತ್ತಿತು. ಹಾಳೆಯ ಮೇಲೆ ‘ರಾಷ್ಟ್ರೀಯ’.

ದೀಪ ಮತ್ತೆ ಹತ್ತಿದಾಗ ಅವಳು ನಿಧಾನವಾಗಿ ಹೇಳಿದಳು: “ಒತ್ತಿಗೊಂದು ಒತ್ತು ಕೊಟ್ರೆ ತಡ್ಕೊಳತ್ತೆ. ಆ ಮೂರು ಅಂತಸ್ತಿನ ಮೇಲೆ ಗುಣಿತ ಕೂತ್ರೆ ಕುಸೀತದೆ. ನಮ್ಮ ಪ್ರೆಸ್ಸಲ್ಲೂ ಹಂಗೇ, ಅಂಥ ಅಕ್ಷರ ಬಂದ್ರೇನೇ ಸಾಲು ತಾಗೋದು. ಗುಬ್ಬಿ ಅಂಗಡಿಯೋರು ದಿನಕ್ಕೆ ಮೂವತ್ತು ಸಲ ಏನಂತಾರೆ ಹೇಳಿ? ನಾ ಅಂದು ತೋರ್ಸಕ್ಕಾಗಲ್ಲ.”

“ಕೊರಟಗೆರೆ ಅಜ್ಜಿ ಸೊಸೆ ಹೆಸರು ಲಕ್ಷ್ಮೀ,” ಎಂದ ಅವನು.

“ಮತ್ತೆ ನಾನು ನಿಮ್ಮನ್ನ ಏನಂತ ಕರೀತೀನಿ?”

 ಅವನು ಎಂದೂ ಪಾಠ ಹೇಳಿದವನಲ್ಲ. ಮದುವೆಯಾದ ಹೊಸದರಲ್ಲಿ ಕುಕ್ಕರಿನ ಸೀಟಿ ಯಾಕೆ ಕೂಗುತ್ತದೆಂದು ಅರ್ಧ ಗಂಟೆ ವಿವರಿಸಿದ್ದ. ಅವಳು ಕೈಮುಗಿದು, “ಆಯ್ತು ಮೇಷ್ಟ್ರೇ, ಬೇಳೆ ಸೀದೋಗ್ತಿದೆ,” ಎಂದಿದ್ದಳು. ಅಂದಿನಿಂದ ಹದಿನಾಲ್ಕು ವರ್ಷ ಅದೇ ಅವನ ಹೆಸರು. ಆಪರೇಷನ್ ಆದ ಮೇಲೆ ಮೊದಲ ಸಲ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಆಡಿದ ಮೊದಲ ಮಾತೂ ಅದೇ. ಆಗ ಅವನು ನಾಚಿಕೆ ಬಿಟ್ಟು ನರ್ಸಿನ ಮುಂದೆಯೇ ಅತ್ತಿದ್ದ.

ಮರುದಿನ ಆ ಡಬ್ಬಿಯನ್ನು ಹುಡುಕಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಒಂದು ಅಕ್ಷರ ಇಟ್ಟುಕೊಳ್ಳುವ ಡಬ್ಬಿ, ಹದಿನಾರು ಬೈಟಿನದು. ಕನ್ನಡದ ಪ್ರತಿ ತುಣುಕಿಗೂ ಮೂರು ಬೈಟು. ಷ, ಅದನ್ನು ಅರ್ಧ ಮಾಡುವ ಗುರುತು, ಟ, ಮತ್ತೊಂದು ಅರ್ಧದ ಗುರುತು, ರ: ಐದು ತುಣುಕು, ಹದಿನೈದು ಬೈಟು. ಮುಗಿಯಿತೆಂದು ಹೇಳಲು ಇನ್ನೊಂದು. ಲೆಕ್ಕ ಸರಿಯಾಗಿತ್ತು. ಪಕ್ಕದಲ್ಲಿ, ಎಂದೋ ಕೆಲಸ ಬಿಟ್ಟುಹೋದ ಯಾರೋ ಒಬ್ಬರು ಕನ್ನಡದಲ್ಲೇ ಒಂದು ಟಿಪ್ಪಣಿ ಬರೆದಿದ್ದರು: ‘ರಾಷ್ಟ್ರ ಪದದ ಷ್ಟ್ರಕ್ಕಿಂತ ದೊಡ್ಡ ಅಕ್ಷರ ನಮ್ಮಲ್ಲಿಲ್ಲ. ಹದಿನಾರು ಸಾಕು.’

ಪುಣ್ಯಾತ್ಮ ಕನ್ನಡದ ಅತಿ ದೊಡ್ಡ ಅಕ್ಷರವನ್ನೇ ಹುಡುಕಿ ಅಳತೆ ತೆಗೆದಿದ್ದ. ಅದರ ಮೇಲೆ ಗುಣಿತ ಕೂರುತ್ತದೆಂಬುದನ್ನು ಮರೆತಿದ್ದ. ‘ಷ್ಟ್ರೇ’ ಎನ್ನುವಾಗ ಬರುವ ಆ ಆರನೆಯ ತುಣುಕಿಗೆ ಡಬ್ಬಿಯಲ್ಲಿ ಜಾಗವಿರಲಿಲ್ಲ. ಇಷ್ಟು ವರ್ಷ ಅದು ಪಕ್ಕದ ಖಾಲಿ ಜಾಗಕ್ಕೆ ಚೆಲ್ಲುತ್ತಿತ್ತು. ಹಳೆಯ ಕಂಪೈಲರ್ ಅಲ್ಲಿ ಏನನ್ನೂ ಇಟ್ಟಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅವಳು ಅವನನ್ನು ಕರೆದಾಗಲೆಲ್ಲ ಒಂದು ತಪ್ಪು ನಡೆಯುತ್ತಿತ್ತು, ತಪ್ಪಿನ ಮೇಲೆಯೇ ಆ ಕರೆ ನಿಂತಿತ್ತು. ಈಗ ಆ ಖಾಲಿ ಜಾಗದಲ್ಲಿ ಕಾವಲಿನವನು ಕೂತಿದ್ದ.

ಹದಿನಾರನ್ನು ಅಳಿಸಿ ಮೂವತ್ತೆರಡು ಮಾಡಿದ. ಕಟ್ಟಿದ. ಮೇಜಿನ ಮೇಲಿನ ಪಟ್ಟಿ ಪರೀಕ್ಷೆಗೆಂದು ಇಟ್ಟ ಗಡಸು ಗಂಡುದನಿಯಲ್ಲಿ, “ಮೇಷ್ಟ್ರೇ,” ಎಂದಿತು.

“ಯಾ ಅಲ್ಲಾ! ಯಾರೋ ಹೆಡ್‌ಕಾನ್‌ಸ್ಟೇಬಲ್ ಕರ್ದಂಗಾಯ್ತು,” ಎಂದು ಜಬೀನ್ ಚಪ್ಪಾಳೆ ತಟ್ಟಿದಳು. ಇಬ್ಬರೂ ನಕ್ಕರು. ಐದು ವಾರದಲ್ಲಿ ಆ ಕೋಣೆಯಲ್ಲಿ ಕೇಳಿದ ಮೊದಲ ನಗೆ ಅದು. ಅವತ್ತು ತಾರೀಖು ಇಪ್ಪತ್ತಾರು.

ಇಪ್ಪತ್ತೇಳರ ಮಧ್ಯಾಹ್ನ, ಮುದ್ರೆ ಕೊಡುವ ಸುರಕ್ಷಾ ಮಂಡಳಿಯಿಂದ ಅವನು ಕಳಿಸಿದ್ದ ತಿದ್ದುಪಡಿಗೆ ಉತ್ತರ ಬಂತು. ಭದ್ರತೆಯಲ್ಲಿ ಲೋಪವಿಲ್ಲ. ಆದರೆ ಅಕ್ಷರ ಸಂಗ್ರಹದ ಅಳತೆ ಹೆಚ್ಚಿದೆ, ಆದ್ದರಿಂದ ಇದನ್ನು ಹೊಸ ಸಾಧನವೆಂದು ಪರಿಗಣಿಸಲಾಗಿದೆ, ಹೊಸ ಸಾಧನಕ್ಕೆ ಹದಿನಾಲ್ಕು ತಿಂಗಳ ಮಾನವ ಪರೀಕ್ಷೆ ಕಡ್ಡಾಯ. ಅವನು ಮಂಡಳಿಯ ಕಾರ್ಯದರ್ಶಿ ಪೊನ್ನಪ್ಪನವರಿಗೆ ಫೋನ್ ಮಾಡಿದ.

“ಸರ್, ಒಂದು ಅಂಕಿ ಬದಲಾಗಿದೆ. ಒಂದೇ ಒಂದು.”

“ನೋಡಿದೆ ಆರಾಧ್ಯ ಅವರೇ. ನಾನೇ ನೋಡಿದೆ.”

“ಅದಿಲ್ಲದಿದ್ರೆ ಪಟ್ಟಿ ಮಾತಿನ ಮಧ್ಯೆ ಸಾಯತ್ತೆ ಸರ್.”

“ಸಾಯೋ ಹಾಗೂ ಬಿಡೋಕಾಗಲ್ಲ, ಅದಕ್ಕೆ ಮುದ್ರೆ ಸಿಗಲ್ಲ. ಒಂದು ದಾರಿ ಇದೆ. ಚೆಲ್ಲೋದನ್ನ ಕತ್ತರಿಸಿಬಿಡಿ. ಡಬ್ಬಿಗೆ ಹಿಡಿಸುವಷ್ಟು ತುಂಬಿ, ಉಳಿದದ್ದು ಬಿಟ್ಟುಬಿಡಿ. ಅದು ಸುರಕ್ಷಾ ತಿದ್ದುಪಡಿ ಅನಿಸ್ಕೊಳ್ಳುತ್ತೆ. ಅದೇ ದಿನ ಮುದ್ರೆ ಕೊಡಬಹುದು.”

“ಅಂದ್ರೆ ಕತ್ತರಿಸೋಕೆ ಅನುಮತಿ ಬೇಡ, ಸರಿ ಮಾಡೋಕೆ ಬೇಕು.”

“ನಿಯಮ ಬರೆದಾಗ ಇದು ಯಾರ ತಲೆಗೂ ಹೊಳೆದಿರಲಿಲ್ಲ,” ಎಂದರು ಪೊನ್ನಪ್ಪ. ಒಳ್ಳೆಯ ಮನುಷ್ಯ. ದನಿಯಲ್ಲಿ ನಿಜವಾದ ಬೇಸರವಿತ್ತು. “ಆ ಹದಿನೇಳು ಜನರಲ್ಲಿ ಒಬ್ಬ ನನ್ನ ಅಕ್ಕನ ಮಗ. ಒಂದು ಕಡೆ ಸಡಿಲ ಬಿಡಿ ಅಂತ ನನ್ನ ಬಾಯಲ್ಲಿ ಹೇಗೆ ಹೇಳಿಸ್ತೀರಿ ನೀವು?”

ಬೈಯಲಾದರೂ ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು.

ಫೋನ್ ಇಟ್ಟ ಮೇಲೆ ಆ ಒಂದು ಫೈಲಿಗೆ ಮಾತ್ರ ಕಾವಲು ಬೇಡವೆಂದು ಸೂಚನೆ ಕೊಟ್ಟು ಕಟ್ಟಿ ನೋಡಿದ. ಮಂಡಳಿಯ ತಪಾಸಣಾ ಯಂತ್ರ ನಾಲ್ಕು ಸೆಕೆಂಡಿನಲ್ಲಿ ತಿರಸ್ಕರಿಸಿತು. ‘ಷ್ಟ್ರೇ’ಯನ್ನು ಒಡೆದು ಎರಡು ಡಬ್ಬಿಗೆ ಹಾಕಿ ನೋಡಿದ. ಪಟ್ಟಿ ಬಿಕ್ಕಳಿಕೆ ಬಂದವರಂತೆ “ಮೇಷ್ಟು, ರೇ” ಎಂದಿತು. ಮಂಡಳಿ ಅದನ್ನೂ ಹೊಸ ಸಾಧನವೆಂದಿತು.

ಅವತ್ತು ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದ. ಸರ್ವಮಂಗಳಾ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿಸಿಕೊಂಡಳು.

“ಕತ್ತರಿಸ್ಲಿಲ್ಲ ಅಂದ್ರೆ?”

“ಮೂವತ್ತಕ್ಕೆ ಎಲ್ಲಾ ಪಟ್ಟಿ ನಿಂತುಹೋಗತ್ತೆ. ಸಾವಿರದ ನೂರಾ ನಲವತ್ತೂ.”

“ಮತ್ತೆ ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಕತ್ತರಿಸಿ. ನಾಕು ಪದ ತಾನೇ. ಗುಬ್ಬಿಯೋರು ಐರನ್ ಅಂದ್ರಾಯ್ತು.”

“ನಾನು ಇಸ್ತ್ರಿ ಯೋಚ್ನೆ ಮಾಡ್ತಿಲ್ಲ ಮಂಗಳಾ.”

“ಗೊತ್ತು,” ಎಂದಳು. ಒಂದು ಹುರುಳಿಕಾಯಿಯನ್ನು ಬೇಕಾದ್ದಕ್ಕಿಂತ ಸಣ್ಣಗೆ ಮುರಿದಳು.

ಇಪ್ಪತ್ತೆಂಟಕ್ಕೆ ಅವನು ಮೂರು ಸಾಲು ಬರೆದ. ಡಬ್ಬಿಗೆ ಹಿಡಿಸುವ ಐದು ತುಣುಕು ಒಳಗೆ, ಆರನೆಯದು ಬಂದರೆ ಹೊರಗೆ. ಹೊಸ ಕಂಪೈಲರ್ ಒಂದು ಮಾತೂ ಆಡದೆ ಕಟ್ಟಿಕೊಟ್ಟಿತು. ಒಂದು ಎಚ್ಚರಿಕೆಯಿಲ್ಲ, ಒಂದು ಗೊಣಗಾಟವಿಲ್ಲ. ಅದು ಅಷ್ಟು ಚೊಕ್ಕವಾಗಿ ಕಟ್ಟಿದ್ದನ್ನು ಅವನು ಇಡೀ ವೃತ್ತಿಯಲ್ಲಿ ನೋಡಿರಲಿಲ್ಲ. ಜಬೀನ್ ಪರದೆ ನೋಡಿ ಟೀ ತರಲು ಹೋದಳು. ಮೂವತ್ತರ ಬೆಳಗ್ಗೆ ಎಲ್ಲ ಪಟ್ಟಿಗಳೂ ಹೊಸ ಮುದ್ರೆ ಹೊತ್ತು ಎಚ್ಚರವಾದವು. ಒಂದೂ ಸಾಯಲಿಲ್ಲ.

ಅಡುಗೆಮನೆಯಿಂದ ಕರೆ ಬಂತು.

“ಮೇಷ್ಟ್ರ.”

ಅವನು ಪೇಪರ್ ಇಳಿಸಿ ಕಾದ. ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ನಿಂತಿದ್ದ ಇಂಚರ ಕಿಸಕ್ಕೆಂದಳು. “ಮೇಷ್ಟ್ರ ಏನಮ್ಮಾ? ಮೇಷ್ಟ್ರ ಚಪ್ಲಿನಾ? ಮೇಷ್ಟ್ರ ಕನ್ನಡ್ಕನಾ?”

ಸರ್ವಮಂಗಳಾಳೂ ನಕ್ಕಳು. ನಗೆಗೆ ಪಟ್ಟಿಯಲ್ಲಿ ಸದ್ದಿರಲಿಲ್ಲ, ಭುಜ ಕುಲುಕಿತು. ಮತ್ತೊಮ್ಮೆ, ಬಿಡಿಸಿ ಬಿಡಿಸಿ, ಮಗುವಿಗೆ ಹೇಳಿಕೊಡುವಂತೆ ಹೇಳಿದಳು. “ಮೇ. ಷ್ಟ್ರ.” ತುಟಿ ಮಾತ್ರ ಕೊನೆಯ ಏಕಾರವನ್ನು ಉದ್ದಕ್ಕೆ ಎಳೆಯಿತು. ಅವನಿಗೆ ಅದು ಕಾಣಿಸಿತು. ಕೇಳಿಸಲಿಲ್ಲ.

“ರೀ,” ಎಂದು ನೋಡಿದಳು. ಅದು ಸಲೀಸಾಗಿ ಬಂತು. ಮುಖ ಹುಳ್ಳಗೆ ಮಾಡಿಕೊಂಡು, “ಥೂ, ಎದುರು ಮನೆಯೋರನ್ನ ಕರ್ದಂಗಿದೆ,” ಎಂದಳು.

ಆಮೇಲಿನ ವಾರಗಳಲ್ಲಿ ಫೋನುಗಳು ಕಮ್ಮಿಯಾದವು. ಗುಬ್ಬಿಯವರು ಐರನ್ ಎನ್ನಲು ಕಲಿತರು. ಕೊರಟಗೆರೆಯ ಸೊಸೆ ಒಂದು ದಿನ ಫೋನ್ ಮಾಡಿದಳು. “ಅತ್ತೆ ನನ್ನ ಲಕ್ಷ್ಮ, ಲಕ್ಷ್ಮ ಅಂತಾರೆ ಸಾರ್. ಗಂಡಸ್ರನ್ನ ಕರ್ದಂಗೆ. ಅವ್ರಿಗೇ ಬೇಜಾರಾಗಿ ಈಗ ಕರೆಯೋದೇ ಬಿಟ್ಟವ್ರೆ, ಕಣ್ಣಲ್ಲೇ ಹೇಳ್ತಾರೆ. ಸರಿಹೋಯ್ತದಾ ಸಾರ್?”

“ಅರ್ಜಿ ಹಾಕಿದ್ದೀನಮ್ಮ. ಹದಿನಾಲ್ಕು ತಿಂಗಳು.”

“ಅವ್ರಿಗೆ ಎಂಬತ್ತಾರು ಸಾರ್,” ಎಂದಳು ಆಕೆ. ದೂರಿನಂತೆ ಹೇಳಲಿಲ್ಲ, ವಯಸ್ಸು ಕೇಳಿದರೆ ಹೇಳುವಂತೆ ಹೇಳಿದಳು.

ಸರ್ವಮಂಗಳಾ ಆ ಮಾತು ಮತ್ತೆ ಎತ್ತಲಿಲ್ಲ. ಪಕ್ಕದಲ್ಲಿದ್ದರೆ ಮೊಣಕೈ ತಟ್ಟುತ್ತಿದ್ದಳು. ಎದುರಿಗಿದ್ದರೆ ಕರೆಯುವ ಅಗತ್ಯವೇ ಇರಲಿಲ್ಲ. ಅವಳ ದನಿ ಸಾರಿನ ಬಗ್ಗೆ, ಕರಡಿನ ಬಗ್ಗೆ, ಇಂಚರಳ ಲೆಕ್ಕದ ಮಾರ್ಕ್ಸಿನ ಬಗ್ಗೆ ಎಂದಿನಂತೆ ಗದರಿಕೆ ಬೆರೆಸಿ ಮಾತಾಡುತ್ತಿತ್ತು. ಹತ್ತು ಸಾವಿರ ಪದ ನುಡಿಯಬಲ್ಲ ಪಟ್ಟಿಯಲ್ಲಿ ಅವನೊಬ್ಬ ಇರಲಿಲ್ಲ, ಅಷ್ಟೇ. ಅವನನ್ನು ಅಲ್ಲಿಂದ ತೆಗೆದದ್ದು ಅವನೇ ಬರೆದ ಮೂರು ಸಾಲು.

ಒಂದು ಭಾನುವಾರ ಬೆಳಗ್ಗೆ ಅವನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ಅಡುಗೆಮನೆಯಲ್ಲಿ ದೋಸೆ ಹಂಚು ಚುರ್ರೆಂದಿತು. ಮರೆತಿದ್ದಳೇನೋ, ಹದಿನಾಲ್ಕು ವರ್ಷದ ಅಭ್ಯಾಸ.

“ಮೇಷ್ಟ್ರ.”

ಅವನ ಕೈ ತಂತಿಯ ಮೇಲೇ ನಿಂತಿತು. ಅದರ ಮುಂದೆ ಇನ್ನೊಂದು ಪದ ಬರಲೇಬೇಕೆನ್ನುವಂತೆ ಕಿವಿಗೊಟ್ಟ. ಹಂಚಿನ ಸದ್ದೂ ನಿಂತಿತು. ಕಿಟಕಿಯ ಸರಳಿನಾಚೆ ಅವಳ ಬೆನ್ನು ಕಾಣುತ್ತಿತ್ತು, ತಲೆ ಸ್ವಲ್ಪ ಬಗ್ಗಿತ್ತು.

ಟಣ್, ಟಣ್.

“ಬಂದೆ,” ಎಂದ. ಒದ್ದೆ ಕೈ ಲುಂಗಿಗೆ ಒರೆಸಿಕೊಂಡು ಒಳಗೆ ಹೋದ. ಅವಳು ಲೋಟ ಹಿಡಿದುಕೊಂಡೇ ಅವನ ಕಡೆ ತಿರುಗಿದಳು. ಕುತ್ತಿಗೆಯ ಪಟ್ಟಿಯಲ್ಲಿ ಹಸಿರು ದೀಪ ಚೂರೂ ಮಿನುಗದೆ ಉರಿಯುತ್ತಿತ್ತು.